ವಚನಗಾಯನದಲ್ಲಿ ನೆಲೆಯ ಪಲ್ಲಟ

ಶಿವಶರಣರ ವಚನಗಳನ್ನು ರಾಗಕ್ಕೆ ಅಳವಡಿಸಿ ಹಾಡುವ ಪದ್ಧತಿ ಇಂದು ನಾಡಿನ ಎಲ್ಲೆಡೆ ಬಳಕೆಯಲ್ಲಿದೆ. ಮಠಗಳ ಶಿವಾನುಭವ ಗೋಷ್ಠಿಗಳಲ್ಲಿ, ಶಾಲೆಗಳ ಪ್ರಾರ್ಥನೆಯಲ್ಲಿ, ಆಕಾಶವಾಣಿಯಲ್ಲಿ, ಸಂಗೀತ ಸಭೆಗಳ ಕೊನೆಯ ಭಾಗದಲ್ಲಿ ವಚನಗಾಯನಕ್ಕೆ ನಿಶ್ಚಿತವಾದ ಸ್ಥಾನವೊಂದು ದೊರೆತಿದೆ. ಫ. ಗು. ಹಳಕಟ್ಟಿಯವರು ೧೯೨೩ರಲ್ಲಿ ‘ವಚನಶಾಸ್ತ್ರಸಾರ’ದ ಮೊದಲ ಭಾಗವನ್ನು ಪ್ರಕಟಿಸಿ ವಚನಗಳನ್ನು ಓದುಗರ ಕೈಗೆ ಇತ್ತರು. ಮಲ್ಲಿಕಾರ್ಜುನ ಮನಸೂರ (೧೯೧೦-೧೯೯೨), ಬಸವರಾಜ ರಾಜಗುರು, ಸಿದ್ಧರಾಮ ಜಂಬಲದಿನ್ನಿ ಮೊದಲಾದ ಗಾಯಕರು ಅವನ್ನು ಕೇಳುಗರ ಕಿವಿಗೆ ಮುಟ್ಟಿಸಿದರು. ಇದು ಕನ್ನಡದ ಭಾಗ್ಯವೆಂಬುದರಲ್ಲಿ ಸಂದೇಹವಿಲ್ಲ.

ಆದರೆ ವಚನಗಳ ಪಾಠಾಂತರ, ಕಾಲ, ಅಂಕಿತ, ತತ್ತ್ವ ಇವುಗಳನ್ನು ಕುರಿತು ನಡೆದಷ್ಟು ವಿಮರ್ಶೆ ಅವುಗಳ ಸ್ವರಸಂಯೋಜನೆಯನ್ನು ಕುರಿತು ನಡೆದಿಲ್ಲ. ಹಾಡಿದವರು ಯಾರು, ಕಂಠ ಹೇಗಿತ್ತು, ರಾಗ ಯಾವುದು ಎಂಬಲ್ಲಿಗೆ ನಮ್ಮ ವಿಚಾರ ನಿಂತುಬಿಡುತ್ತದೆ. ಒಂದು ವಚನದ ನಡುವೆ ರಾಗ ಬದಲಾದಾಗ, ಇಲ್ಲವೆ ಶ್ರುತಿಯೇ ಮೇಲೇರಿದಾಗ, ಶರಣರ ಮಾತಿಗೆ ಏನಾಯಿತು ಎಂಬ ಪ್ರಶ್ನೆಯನ್ನು ಕೇಳುವವರು ವಿರಳ. ಇತ್ತೀಚಿನ ಸಂಯೋಜನೆಗಳಲ್ಲಿ ಇಂಥ ಬದಲಾವಣೆ ಹೆಚ್ಚುತ್ತಿರುವುದರಿಂದ ಈ ಪ್ರಶ್ನೆಯನ್ನು ಎತ್ತಿಕೊಳ್ಳುವುದು ಅವಶ್ಯವಾಗಿದೆ. ವಚನವನ್ನು ಓದಿ ತಿಳಿಯುವವರಿಗಿಂತ ಕೇಳಿ ತಿಳಿಯುವವರ ಸಂಖ್ಯೆ ಹಿರಿದು. ಅವರ ಪಾಲಿಗೆ ರಾಗವೇ ವ್ಯಾಖ್ಯಾನ. ವ್ಯಾಖ್ಯಾನಕಾರನು ತಪ್ಪಿದರೆ ಮೂಲದ ಅರ್ಥಕ್ಕೆ ಹೇಗೆ ಕುಂದು ಬರುವುದೋ ಹಾಗೆಯೇ ಸಂಯೋಜಕನು ತಪ್ಪಿದರೂ ಬರುವುದು.

೧. ಪಲ್ಲಟದ ಮೂರು ಬಗೆ

ಹಾಡಿನ ನಡುವೆ ನೆಲೆಯು ಬದಲಾಗುವುದರಲ್ಲಿ ಮೂರು ಬಗೆಗಳಿವೆ. ಇವುಗಳನ್ನು ಒಂದರೊಡನೊಂದು ಬೆರೆಸಿ ಮಾತನಾಡುವುದರಿಂದಲೇ ಎಷ್ಟೋ ಗೊಂದಲ ಹುಟ್ಟಿದೆ.

ಮೊದಲನೆಯದು ರಾಗಾಂತರ. ಇಲ್ಲಿ ತಂಬೂರಿಯ ಆಧಾರಷಡ್ಜವು ಕದಲುವುದಿಲ್ಲ. ಅದರ ಮೇಲೆ ನಿಂತ ರಾಗ ಮಾತ್ರ ಬದಲಾಗುತ್ತದೆ. ಕರ್ನಾಟಕ ಸಂಗೀತದ ರಾಗಮಾಲಿಕೆ ಇದರ ಪರಿಪಕ್ವ ರೂಪ. ಮುತ್ತುಸ್ವಾಮಿ ದೀಕ್ಷಿತರು ವಿಶ್ವನಾಥನನ್ನು ಕುರಿತು ರಚಿಸಿದ ರಾಗಮಾಲಿಕೆಯಲ್ಲಿ ಹದಿನಾಲ್ಕು ರಾಗಗಳಿವೆ. ಶ್ರೀರಾಗದಿಂದ ಹೊರಟ ಆ ಕೃತಿಯು ಹಿಂದೆ ಬಂದ ರಾಗಗಳನ್ನು ವಿಲೋಮಕ್ರಮದಲ್ಲಿ ಮುಟ್ಟುತ್ತ ಮತ್ತೆ ಶ್ರೀರಾಗಕ್ಕೇ ಮರಳುತ್ತದೆ. ಎಷ್ಟು ದೂರ ನಡೆದರೂ ಮನೆಯ ದಾರಿ ಮರೆಯಬಾರದೆಂಬ ಪಾಠ ಅದರಲ್ಲಿದೆ. ಸ್ವಾತಿ ತಿರುನಾಳರ (೧೮೧೩-೧೮೪೬) ‘ಭಾವಯಾಮಿ ರಘುರಾಮಂ’ ಮೊದಲು ಸಾವೇರಿ ರಾಗವೊಂದರಲ್ಲೇ ಇದ್ದುದು. ಅದನ್ನು ಸೆಮ್ಮಂಗುಡಿ ಶ್ರೀನಿವಾಸ ಅಯ್ಯರ್ ಅವರು ರಾಗಮಾಲಿಕೆಯಾಗಿ ಮಾರ್ಪಡಿಸಿದರು. ಪಲ್ಲವಿಯಲ್ಲಿ ಸಾವೇರಿಯನ್ನು ಉಳಿಸಿಕೊಂಡು, ರಾಮಾಯಣದ ಆರು ಕಾಂಡಗಳನ್ನು ಹೇಳುವ ಆರು ಚರಣಗಳಿಗೆ ಆರು ರಾಗಗಳನ್ನು ಹೊಂದಿಸಿದರು. ಕಥೆಯ ಕಾಂಡ ಮುಗಿದಲ್ಲಿ ರಾಗವೂ ಮುಗಿಯುತ್ತದೆ. ಸಾಹಿತ್ಯದ ಕಟ್ಟಡವೇ ರಾಗದ ಎಲ್ಲೆಯನ್ನು ನಿಶ್ಚಯಿಸಿದ್ದರಿಂದ ಆ ಮಾರ್ಪಾಡು ಜನರ ಒಪ್ಪಿಗೆ ಪಡೆಯಿತು.

ಎರಡನೆಯದು ಗ್ರಹಭೇದ, ಹಿಂದುಸ್ತಾನಿ ಪದ್ಧತಿಯವರು ಮೂರ್ಛನಾಭೇದವೆಂದು ಕರೆಯುವುದೂ ಇದನ್ನೇ. ಇಲ್ಲಿ ಸ್ವರಗಳು ಬದಲಾಗುವುದಿಲ್ಲ. ಯಾವುದನ್ನು ಷಡ್ಜವೆಂದು ಎಣಿಸುತ್ತೇವೆಯೋ ಅದು ಬದಲಾಗುತ್ತದೆ. ಮೋಹನರಾಗದ ಐದು ಸ್ವರಗಳನ್ನು ಹಾಗೆಯೇ ಇಟ್ಟುಕೊಂಡು ಅದರ ರಿಷಭವನ್ನು ಷಡ್ಜವೆಂದು ಹಿಡಿದರೆ ಮಧ್ಯಮಾವತಿ ಕಾಣುತ್ತದೆ. ಗಾಂಧಾರವನ್ನು ಹಿಡಿದರೆ ಹಿಂದೋಳ. ಪಂಚಮವನ್ನು ಹಿಡಿದರೆ ಶುದ್ಧಸಾವೇರಿ. ಧೈವತವನ್ನು ಹಿಡಿದರೆ ಶುದ್ಧಧನ್ಯಾಸಿ. ಹಾರ್ಮೋನಿಯಂ ಬಲ್ಲ ಯಾವ ವಿದ್ಯಾರ್ಥಿಯೂ ಇದನ್ನು ಐದು ಮನೆಗಳ ಮೇಲೆ ಬೆರಳಿಟ್ಟು ಪರೀಕ್ಷಿಸಬಹುದು. ಉಲ್ಲಾಸದ ರಾಗವೂ ಗಂಭೀರವಾದ ರಾಗವೂ ಅವೇ ಐದು ಸ್ವರಗಳಲ್ಲಿ ಅಡಗಿರುವುದನ್ನು ಮೊದಲ ಬಾರಿಗೆ ಕಂಡವರಿಗೆ ಬೆರಗಾಗದಿರದು. ಗ್ರಹಭೇದಕ್ಕೆ ಹತ್ತಿರದ ಇನ್ನೊಂದು ಪದ್ಧತಿಯೂ ಉಂಟು. ಪುನ್ನಾಗವರಾಳಿ, ನಾದನಾಮಕ್ರಿಯೆ, ಕುರಂಜಿ ಮುಂತಾದ ರಾಗಗಳನ್ನು ಹಾಡುವಾಗ ಕರ್ನಾಟಕ ಸಂಗೀತಗಾರರು ಮಧ್ಯಮವನ್ನೇ ಷಡ್ಜವೆಂದು ಎಣಿಸಿ ‘ಮಧ್ಯಮಶ್ರುತಿ’ಯಲ್ಲಿ ಹಾಡುತ್ತಾರೆ. ಆಗ ತಂಬೂರಿಯನ್ನೂ ಅದಕ್ಕೆ ತಕ್ಕಂತೆ ಕೂಡಿಸಿಕೊಳ್ಳುವುದರಿಂದ ಅದು ನಿಜವಾದ ಶ್ರುತಿಪಲ್ಲಟವೇ ಆಗುತ್ತದೆ.

ಮೂರನೆಯದು ಆಧಾರಶ್ರುತಿಯ ಪಲ್ಲಟ. ಇಲ್ಲಿ ಧಾಟಿ ಅದೇ, ರಾಗವೂ ಅದೇ. ಇಡಿಯ ಹಾಡೇ ಅರ್ಧ ಮನೆಯನ್ನೋ ಒಂದು ಮನೆಯನ್ನೋ ಮೇಲೇರುತ್ತದೆ. ತಂಬೂರಿಯನ್ನು ಆಶ್ರಯಿಸಿದ ನಮ್ಮ ಸಂಗೀತಕ್ಕೆ ಇದು ಸಹಜವಲ್ಲ. ಪಾಶ್ಚಾತ್ಯ ಸಂಗೀತಕ್ಕೆ ಅದು ಉಸಿರಿನಷ್ಟೇ ಸಹಜ. ಅಲ್ಲಿಂದ ಚಲನಚಿತ್ರ ಸಂಗೀತಕ್ಕೂ, ಅಲ್ಲಿಂದ ಭಾವಗೀತೆಗೂ, ಈಗ ವಚನದ ಧ್ವನಿಮುದ್ರಿಕೆಗಳಿಗೂ ಅದು ಬಂದಿದೆ. ಕೊನೆಯ ಆವೃತ್ತಿಯಲ್ಲಿ ಹಾಡನ್ನು ಅರ್ಧ ಮನೆ ಎತ್ತರಿಸಿದರೆ ಕೇಳುಗರ ಬೆನ್ನು ನೆಟ್ಟಗಾಗುತ್ತದೆ ಎಂಬುದು ಸಂಯೋಜಕರಿಗೆಲ್ಲ ತಿಳಿದ ಸಂಗತಿ.

೨. ಪಶ್ಚಿಮದ ಒಂದು ನಿದರ್ಶನ

ಶ್ರುತಿಪಲ್ಲಟವು ಹೊರಗಿನಿಂದ ಬಂದುದೆಂಬ ಕಾರಣಕ್ಕೆ ಅದನ್ನು ನಿಂದಿಸುವುದು ವಿಮರ್ಶೆಯ ಲಕ್ಷಣವಲ್ಲ. ಅದರ ತವರಿನಲ್ಲಿ ಅದನ್ನು ಬಲ್ಲವರು ಹೇಗೆ ಬಳಸಿದರು ಎಂಬುದನ್ನು ಮೊದಲು ನೋಡಬೇಕು. ಅದಕ್ಕೆ ಷೂಬರ್ಟ್ ೧೮೧೫ರಲ್ಲಿ, ತನ್ನ ಹದಿನೆಂಟನೆಯ ವಯಸ್ಸಿನಲ್ಲಿ, ರಾಗ ಕೂಡಿಸಿದ ‘ಎರ್ಲ್‌ಕೋನಿಗ್’ ಎಂಬ ಗೀತೆ ಉತ್ತಮ ನಿದರ್ಶನ. ಅದರ ಸಾಹಿತ್ಯ ಜರ್ಮನ್ ಮಹಾಕವಿ ಗಯಟೆಯದು. ರಾತ್ರಿಯಲ್ಲಿ ತಂದೆಯೊಬ್ಬನು ರೋಗಿಯಾದ ಮಗನನ್ನು ಎದೆಗವಚಿಕೊಂಡು ಕುದುರೆಯ ಮೇಲೆ ಧಾವಿಸುತ್ತಿದ್ದಾನೆ. ಮಗನಿಗೆ ಮಾತ್ರ ಕಾಣುವ ಪಿಶಾಚರಾಜನೊಬ್ಬನು ಅವನನ್ನು ಬಣ್ಣದ ಮಾತುಗಳಿಂದ ಕರೆಯುತ್ತಾನೆ. ನಿರೂಪಕ, ತಂದೆ, ಮಗ, ಪಿಶಾಚ ಈ ನಾಲ್ವರ ಮಾತನ್ನೂ ಒಬ್ಬನೇ ಗಾಯಕನು ಹಾಡಬೇಕು.

ಗೀತೆಯ ಮೂಲನೆಲೆ ಜಿ ಮೈನರ್. ನಮ್ಮ ನಟಭೈರವಿಯ ಸ್ವರಗಳಿಗೆ ಸಮೀಪವಾದುದು. ಪಿಶಾಚನು ಮೊದಲ ಬಾರಿ ಮಾತನಾಡುವಾಗ ನೆಲೆಯು ಬಿ ಫ್ಲಾಟ್ ಮೇಜರ್‌ಗೆ ಸರಿಯುತ್ತದೆ. ಅದು ನಮ್ಮ ಶಂಕರಾಭರಣಕ್ಕೆ ಸಮಾನ. ಇಲ್ಲಿ ಗಮನಿಸತಕ್ಕ ಅಂಶವೊಂದಿದೆ. ಸಹಜ ಜಿ ಮೈನರ್‌ನ ಏಳು ಸ್ವರಗಳೂ ಬಿ ಫ್ಲಾಟ್ ಮೇಜರ್‌ನ ಏಳು ಸ್ವರಗಳೂ ಒಂದೇ. ಷಡ್ಜ ಮಾತ್ರ ಬೇರೆ. ಅಂದರೆ ಇದು ನಾವು ಗ್ರಹಭೇದವೆಂದು ಕರೆದುದೇ. ಭಯವಿದ್ದ ಅದೇ ಕತ್ತಲೆಯೊಳಗಿಂದಲೇ ಸಿಹಿಯಾದ ದನಿಯೊಂದು ಹೊರಡುತ್ತದೆ. ಎರಡನೆಯ ಕರೆಗೆ ಸಿ ಮೇಜರ್, ಮೂರನೆಯದಕ್ಕೆ ಇ ಫ್ಲಾಟ್ ಮೇಜರ್. ಪ್ರತಿ ಕರೆಯ ಬಳಿಕ ಮಗನು ತಂದೆಯನ್ನು ಕೂಗುವ ಕೂಗು ಹಿಂದಿನದಕ್ಕಿಂತ ಮೇಲಿನ ನೆಲೆಯಲ್ಲಿ ಬರುತ್ತದೆ. ಇಲ್ಲಿ ಶ್ರುತಿ ಏರುವುದು ಸಭಿಕರನ್ನು ಎಚ್ಚರಿಸುವುದಕ್ಕಲ್ಲ. ಮಗುವಿನ ಭಯ ಏರಿರುವುದರಿಂದ. ಕೊನೆಯಲ್ಲಿ ಕುದುರೆಯ ಓಟವನ್ನು ನುಡಿಸುತ್ತಿದ್ದ ಪಿಯಾನೋ ನಿಲ್ಲುತ್ತದೆ. ಮಗುವಿನ ಸಾವನ್ನು ನಿರೂಪಕನು ಮಾತಿನ ಧಾಟಿಯಲ್ಲಿ ಹೇಳುತ್ತಾನೆ. ಗೀತೆ ಜಿ ಮೈನರ್‌ಗೆ ಮರಳಿ ಮುಗಿಯುತ್ತದೆ.

ಇದರಿಂದ ತಿಳಿಯುವ ತತ್ತ್ವ ಸರಳವಾದುದು. ಮಾತನಾಡುವವನು ಬದಲಾದಾಗ, ಇಲ್ಲವೆ ಅವನ ಸ್ಥಿತಿ ಬದಲಾದಾಗ, ನೆಲೆ ಬದಲಾಗಬೇಕು. ಸಾಹಿತ್ಯದಲ್ಲಿ ಯಾವುದೂ ಬದಲಾಗದೆ ನೆಲೆ ಮಾತ್ರ ಬದಲಾದರೆ ಅದು ಅಲಂಕಾರವಷ್ಟೆ.

೩. ವಚನದ ತಿರುವು

ಈಗ ವಚನಕ್ಕೆ ಬರಬಹುದು. ಪಲ್ಲವಿ, ರಾಗ, ತಾಳಗಳ ನಿರ್ದೇಶನವಿರುವ ಸ್ವರವಚನಗಳ ವಿಷಯ ಬೇರೆ. ಅವು ಹುಟ್ಟಿನಿಂದಲೇ ಹಾಡುಗಳು. ವಚನಕ್ಕೆ ಪಲ್ಲವಿಯಿಲ್ಲ, ಚರಣವಿಲ್ಲ, ನಿಯತವಾದ ಮಾತ್ರೆಗಳಿಲ್ಲ. ಆದರೆ ಅದಕ್ಕೂ ಒಂದು ಕಟ್ಟಡವಿದೆ. ಸಾಮಾನ್ಯವಾಗಿ ಸಮಾನರೂಪದ ಎರಡು ಮೂರು ವಾಕ್ಯಗಳು ಒಂದರ ಹಿಂದೊಂದು ಬರುತ್ತವೆ. ಅನಂತರ ಮಾತು ಒಂದೆಡೆ ಹೊರಳುತ್ತದೆ. ಅಂಕಿತವು ಆ ಹೊರಳುವಿಕೆಯ ಬಳಿಯಲ್ಲೋ ಕೊನೆಯಲ್ಲೋ ನಿಲ್ಲುತ್ತದೆ. ಈ ಹೊರಳುವ ಸ್ಥಾನವನ್ನು ಗುರುತಿಸುವುದೇ ಸಂಯೋಜಕನ ಮೊದಲ ಕೆಲಸ. ವಚನದಲ್ಲಿ ನೆಲೆಯ ಪಲ್ಲಟಕ್ಕೆ ಅವಕಾಶವಿದ್ದರೆ ಅದು ಬಹುಮಟ್ಟಿಗೆ ಅಲ್ಲಿಯೇ.

ಅಕ್ಕಮಹಾದೇವಿಯ ಪ್ರಸಿದ್ಧವಾದ ವಚನವೊಂದನ್ನು ತೆಗೆದುಕೊಳ್ಳಬಹುದು. ಬೆಟ್ಟದ ಮೇಲೆ ಮನೆ ಕಟ್ಟಿದವರು ಕಾಡುಮೃಗಗಳಿಗೆ ಹೆದರುವುದು ತರವೇ ಎಂದು ಅದು ಆರಂಭವಾಗುತ್ತದೆ. ಕಡಲತೀರ, ಸಂತೆ ಎಂಬ ಇನ್ನೆರಡು ದೃಷ್ಟಾಂತಗಳಿಂದ ಅದೇ ಪ್ರಶ್ನೆ ಮತ್ತೆರಡು ಬಾರಿ ಬರುತ್ತದೆ. ಬಳಿಕ ಚೆನ್ನಮಲ್ಲಿಕಾರ್ಜುನನ ಸಂಬೋಧನೆ. ಅದಾದ ಮೇಲೆ, ಲೋಕದಲ್ಲಿ ಹುಟ್ಟಿದವರು ಹೊಗಳಿಕೆ ತೆಗಳಿಕೆಗಳಿಗೆ ಮನಸ್ಸನ್ನು ಕದಡಿಕೊಳ್ಳದೆ ಶಾಂತರಾಗಿರಬೇಕೆಂಬ ನಿರ್ಣಯ.

ಈ ವಚನದ ಸಂಯೋಜನೆಗಳಲ್ಲಿ ಮೂರು ಬಗೆಯ ದೋಷಗಳಿಗೆ ಆಸ್ಪದವಿದೆ.

ಮೊದಲನೆಯದು ಚಿತ್ರಣದ ಮೋಹ. ಬೆಟ್ಟಕ್ಕೊಂದು ರಾಗ, ಕಡಲಿಗೊಂದು ರಾಗ, ಸಂತೆಗೊಂದು ರಾಗ ಎಂದು ಹೊಂದಿಸುವುದು. ಮೇಲುನೋಟಕ್ಕೆ ಇದು ರಾಗಮಾಲಿಕೆಯ ನ್ಯಾಯವೇ ಎಂದು ತೋರಬಹುದು. ಆದರೆ ರಾಮಾಯಣದ ಆರು ಕಾಂಡಗಳು ಆರು ಬೇರೆ ಬೇರೆ ಘಟನಾವಳಿಗಳು. ಅಕ್ಕನ ಬೆಟ್ಟ, ಕಡಲು, ಸಂತೆಗಳು ಹಾಗಲ್ಲ. ಅವು ಮೂರು ಉಡುಪು ತೊಟ್ಟ ಒಂದೇ ಪ್ರಶ್ನೆ. ಮೂರು ರಾಗಗಳಲ್ಲಿ ಹಾಡಿದರೆ ಕೇಳುಗನು ಮೂರು ದೃಶ್ಯಗಳನ್ನು ನೋಡುತ್ತಾನೆ, ಪ್ರಶ್ನೆಯನ್ನು ಕೇಳುವುದಿಲ್ಲ. ಒಂದೇ ಧಾಟಿ ಮೂರು ಸಲ ಬಂದಾಗಲೇ ಪ್ರಶ್ನೆಯ ಒತ್ತಡ ಕೂಡುತ್ತ ಹೋಗುವುದು.

ಎರಡನೆಯದು ಮೆಚ್ಚುಗೆಯ ಮೋಹ. ಕೊನೆಯ ನಿರ್ಣಯವನ್ನು ಶ್ರುತಿಯೇರಿಸಿ, ವಾದ್ಯವೃಂದದ ಅಬ್ಬರದೊಡನೆ ಹಾಡುವುದು. ಶಾಂತಳಾಗಿರಬೇಕೆಂಬ ಮಾತನ್ನು ಕೂಗಿ ಹೇಳಿದರೆ ಅದಕ್ಕಿಂತ ವಿಪರ್ಯಾಸ ಬೇರೆ ಬೇಕೆ? ಸಂತೆಯ ಗದ್ದಲಕ್ಕೆ ಅಂಜಬಾರದೆಂದ ಅಕ್ಕನ ಮಾತು ಸಂತೆಯ ಗದ್ದಲದಲ್ಲಿಯೇ ಮುಳುಗುತ್ತದೆ.

ಮೂರನೆಯದು ಅಂಕಿತದ ವಿಷಯವಾದ ಅನವಧಾನ. ಅಂಕಿತವೆಂದರೆ ವಚನದ ಕೊನೆಯ ಮುದ್ರೆ ಎಂಬ ರೂಢಿಯ ಭಾವನೆಯಿಂದ ಸಂಯೋಜಕರು ಅದನ್ನು ಬಂದಲ್ಲೆಲ್ಲ ಮುಕ್ತಾಯದ ಸ್ವರಗಳಲ್ಲಿ ನಿಲ್ಲಿಸುತ್ತಾರೆ. ಈ ವಚನದಲ್ಲಿ ಅಂಕಿತವು ಕೊನೆಯಲ್ಲಿಲ್ಲ. ಪ್ರಶ್ನೆಗೂ ಉತ್ತರಕ್ಕೂ ನಡುವೆ ಇದೆ. ಅದು ಬಾಗಿಲು, ಹಿಂಗೋಡೆಯಲ್ಲ. ಅಲ್ಲಿ ರಾಗವನ್ನು ಮುಗಿಸಿಬಿಟ್ಟರೆ ವಚನದ ಸಾರವಾದ ಕೊನೆಯ ವಾಕ್ಯವು ಬಾಲದಂತೆ ನೇತಾಡುತ್ತದೆ.

ಹಾಗಾದರೆ ಇದನ್ನು ಹೇಗೆ ಸಂಯೋಜಿಸಬೇಕು? ಒಂದು ಮಾರ್ಗವನ್ನು ವಿಚಾರಕ್ಕಾಗಿ ಸೂಚಿಸಬಹುದು. ಮೂರು ಪ್ರಶ್ನೆಗಳನ್ನೂ ಮಾಲಕಂಸದಲ್ಲಿ, ಅಂದರೆ ಹಿಂದೋಳದ ಸ್ವರಗಳಲ್ಲಿ, ಒಂದೇ ಧಾಟಿಯಿಂದ ಹಾಡಬೇಕು. ಚೆನ್ನಮಲ್ಲಿಕಾರ್ಜುನನನ್ನು ಕರೆಯುವಾಗ ಗಾಯಕನು ಮೆಲ್ಲನೆ ಕೋಮಲ ಧೈವತದ ಮೇಲೆ ನಿಂತು, ಅದನ್ನೇ ಷಡ್ಜವೆಂದು ಭಾವಿಸಿ ಮುಂದುವರಿಯಬೇಕು. ಆಗ ಅವೇ ಐದು ಸ್ವರಗಳಿಂದ ಭೂಪರಾಗದ, ಎಂದರೆ ನಮ್ಮ ಮೋಹನದ, ಛಾಯೆ ಮೂಡುತ್ತದೆ. ಇಲ್ಲಿ ಇನ್ನೊಂದು ಅನುಕೂಲವೂ ಇದೆ. ಮಾಲಕಂಸದಲ್ಲಿ ಪಂಚಮವಿಲ್ಲದ ಕಾರಣ ತಂಬೂರಿಯನ್ನು ಮಧ್ಯಮ-ಷಡ್ಜಗಳಿಗೆ ಕೂಡಿಸುವುದು ವಾಡಿಕೆ. ಧೈವತವನ್ನು ಹೊಸ ಷಡ್ಜವೆಂದು ಎಣಿಸಿದಾಗ ತಂಬೂರಿಯ ಷಡ್ಜವು ಗಾಂಧಾರವಾಗಿಯೂ ಅದರ ಮಧ್ಯಮವು ಧೈವತವಾಗಿಯೂ ಕೇಳುತ್ತವೆ. ಭೂಪದ ವಾದಿ ಸಂವಾದಿಗಳು ಇವೇ ಗಾಂಧಾರ ಧೈವತಗಳು. ಹಳೆಯ ನೆಲೆಯು ಹೊಸ ನೆಲೆಗೆ ವಿರೋಧಿಯಾಗದೆ ಅದರ ಜೀವಸ್ವರವೇ ಆಗಿ ನಿಲ್ಲುತ್ತದೆ.

ಈ ಮಾರ್ಗವು ಕೇವಲ ಚಮತ್ಕಾರವಲ್ಲ. ವಚನದ ಅರ್ಥವೇ ಅದನ್ನು ಬೇಡುತ್ತದೆ. ಅಕ್ಕನ ನಿರ್ಣಯದಲ್ಲಿ ಮೃಗಗಳು ಬೆಟ್ಟವನ್ನು ಬಿಟ್ಟು ಹೋಗುವುದಿಲ್ಲ, ತೆರೆಗಳು ಅಡಗುವುದಿಲ್ಲ, ಸಂತೆ ಮುಚ್ಚುವುದಿಲ್ಲ. ಲೋಕವು ಇದ್ದಂತೆಯೇ ಇದೆ. ಬದಲಾದುದು ಲೋಕವನ್ನು ನೋಡುವವಳು ನಿಂತ ನೆಲೆ. ಸ್ವರಗಳು ಬದಲಾಗದೆ ಷಡ್ಜ ಮಾತ್ರ ಬದಲಾಗುವ ಗ್ರಹಭೇದವು ಇದೇ ಅನುಭವದ ನಾದರೂಪ. ಹೊಸ ರಾಗವೊಂದನ್ನು ಹೊರಗಿನಿಂದ ತಂದು ಕೂಡಿಸಿದ್ದರೆ ಲೋಕವೇ ಬದಲಾಯಿತೆಂಬ ಭಾವನೆ ಬರುತ್ತಿತ್ತು.

ಹಾಡಿ ಮುಗಿಸುವ ಕ್ರಮವೂ ವಿಚಾರಣೀಯ. ವಚನದ ಮೊದಲ ವಾಕ್ಯವನ್ನು ಪಲ್ಲವಿಯಂತೆ ಬಳಸಿ ಕೊನೆಯಲ್ಲಿ ಮತ್ತೆ ಅದನ್ನೇ ಹಾಡಿ ಮುಗಿಸುವುದು ಇಂದಿನ ರೂಢಿ. ಈ ವಚನದಲ್ಲಿ ಹಾಗೆ ಮಾಡಿದರೆ ಸಮಾಧಾನವನ್ನು ಮುಟ್ಟಿದವಳನ್ನು ಮತ್ತೆ ಮೃಗಗಳ ನಡುವೆ ಬಿಟ್ಟುಬಂದಂತಾಗುತ್ತದೆ. ಪುನರುಕ್ತಿ ಬೇಕೇಬೇಕೆಂದಿದ್ದರೆ ಕೊನೆಯ ವಾಕ್ಯವೇ ಪುನರುಕ್ತವಾಗಲಿ. ಮೂಲಷಡ್ಜಕ್ಕೆ ಮರಳುವುದು ಆ ವಾಕ್ಯದ ಕಡೆಯ ಅಕ್ಷರದ ಆಕಾರದಲ್ಲಿಯೇ ಸಾಧ್ಯ.

ಒಂದು ಎಚ್ಚರಿಕೆಯನ್ನು ಇಲ್ಲಿಯೇ ಹೇಳಬೇಕು. ಹಾರ್ಮೋನಿಯಂ ಮನೆಗಳಲ್ಲಿ ಸ್ವರಗಳು ಒಂದೇ ಆದರೂ ರಾಗವೆಂದರೆ ಮನೆಗಳ ಪಟ್ಟಿಯಲ್ಲ. ಮಾಲಕಂಸದ ಧೈವತ ಗಾಂಧಾರಗಳ ತೂಗಾಟ ಭೂಪದಲ್ಲಿ ಸಲ್ಲದು. ಭೂಪದ ನಡೆ ಬೇರೆ. ಷಡ್ಜ ಸರಿದ ಕ್ಷಣದಿಂದ ಗಮಕವೂ ಸರಿಯಬೇಕು. ಇದನ್ನು ಅರಿಯದೆ ಲೆಕ್ಕದಿಂದ ಗ್ರಹಭೇದ ಮಾಡಿದರೆ ಎರಡು ರಾಗಗಳೂ ಕೆಡುತ್ತವೆ.

೪. ಪಲ್ಲಟ ಬೇಡವಾದ ವಚನ

ಎಲ್ಲ ವಚನಗಳಿಗೂ ಪಲ್ಲಟ ಬೇಕಿಲ್ಲ. ಬಸವಣ್ಣನವರ ದೇಗುಲದ ವಚನವನ್ನು ನೋಡಬಹುದು. ಉಳ್ಳವರು ಕಟ್ಟಿಸುವ ಆಲಯಕ್ಕೆ ಎದುರಾಗಿ ಬಡವನು ತನ್ನ ದೇಹವನ್ನೇ ಆಲಯವೆನ್ನುತ್ತಾನೆ. ಕಾಲು, ಒಡಲು, ತಲೆ ಇವು ಕ್ರಮವಾಗಿ ಕಂಬ, ಗುಡಿ, ಕಲಶಗಳಾಗುತ್ತವೆ. ಬಳಿಕ ಕೂಡಲಸಂಗಮದೇವನ ಸಂಬೋಧನೆ. ಕೊನೆಗೆ ಸ್ಥಾವರ ಜಂಗಮಗಳನ್ನು ಕುರಿತ ತೀರ್ಮಾನ.

ಇಲ್ಲಿ ಕಟ್ಟಡವು ಕೆಳಗಿನಿಂದ ಮೇಲಕ್ಕೆ ಏಳುತ್ತದೆ. ಈ ಏಳುವಿಕೆಗೆ ಶ್ರುತಿಯನ್ನು ಏರಿಸುವುದು ಅನಾವಶ್ಯಕ. ಮಂದ್ರ, ಮಧ್ಯ, ತಾರ ಎಂಬ ಮೂರು ಸ್ಥಾಯಿಗಳು ಗಾಯಕನ ಕಂಠದಲ್ಲಿಯೇ ಇವೆ. ಕಾಲಿಗೆ ಮಂದ್ರ, ದೇಹಕ್ಕೆ ಮಧ್ಯ, ಶಿರಕ್ಕೆ ತಾರ ಎಂದು ಒಂದೇ ರಾಗದಲ್ಲಿ ಏರಿದರೆ ಗುಡಿ ತಾನೇ ಎದ್ದು ನಿಲ್ಲುತ್ತದೆ. ಅಷ್ಟೇ ಅಲ್ಲ, ರಾಗವು ಒಂದೇ ಆಗಿರುವುದರಿಂದ ಅದು ಒಂದೇ ದೇಹವೆಂಬುದೂ ಕೇಳುಗನಿಗೆ ಮನವರಿಕೆಯಾಗುತ್ತದೆ. ನಡುವೆ ರಾಗವನ್ನು ಬದಲಿಸಿದರೆ ಕಂಬವೊಂದು ಊರಿನದು, ಕಲಶವೊಂದು ಊರಿನದು ಎಂಬಂತಾಗುತ್ತದೆ. ಕೊನೆಯ ತೀರ್ಮಾನವನ್ನು ತಾರದಿಂದ ಇಳಿದು ಮಧ್ಯಷಡ್ಜದ ಬಳಿಯಲ್ಲಿ, ಮಾತಿಗೆ ಹತ್ತಿರವಾಗಿ ಹೇಳಿದರೆ ಸಾಕು. ಆ ವಾಕ್ಯದ ಬಲ ಅದರ ಅರ್ಥದಲ್ಲಿಯೇ ಇದೆ. ಅದಕ್ಕೆ ಕಂಠದ ಆಸರೆ ಬೇಡ.

ಅಲ್ಲಮಪ್ರಭುವಿನ ಬೆಡಗಿನ ವಚನಗಳದು ಮತ್ತೊಂದೇ ಸಮಸ್ಯೆ. ಅಲ್ಲಿ ಪ್ರಶ್ನೆಯಿದ್ದೂ ಉತ್ತರವಿರುವುದಿಲ್ಲ. ಕೇಳುಗನು ಹಿಡಿದ ಅರ್ಥವು ಮರುಕ್ಷಣದಲ್ಲಿ ಜಾರುತ್ತದೆ. ಹಿಂದುಸ್ತಾನಿ ಗಾಯಕರು ತಿರೋಭಾವ, ಆವಿರ್ಭಾವ ಎಂದು ಕರೆಯುವ ಕ್ರಮ ಇಲ್ಲಿ ಉಪಯುಕ್ತವಾಗಬಲ್ಲದು. ಹಾಡುತ್ತಿರುವ ರಾಗವನ್ನು ಸ್ವಲ್ಪಕಾಲ ಮರೆಮಾಡಿ, ಬೇರೊಂದರ ಛಾಯೆಯನ್ನು ತೋರಿ, ಮತ್ತೆ ಮೂಲವನ್ನು ಪ್ರಕಟಿಸುವುದೇ ಆ ಕ್ರಮ. ತಾನು ಯಾವ ನೆಲದ ಮೇಲೆ ನಿಂತಿದ್ದೇನೆಂದು ಕೇಳುಗನು ಶಂಕಿಸುತ್ತಿರುವಾಗ ಗುಹೇಶ್ವರ ಎಂಬ ಅಂಕಿತವು ತಂಬೂರಿಯ ಷಡ್ಜದೊಡನೆ ಕೂಡಿದರೆ, ಆ ಷಡ್ಜವು ಮೊದಲಿನಿಂದಲೂ ಅಲ್ಲಿಯೇ ಇತ್ತೆಂಬ ಅರಿವು ಉಂಟಾಗುತ್ತದೆ. ಅರಿವನ್ನು ಕುರಿತ ವಚನಕ್ಕೆ ಇದಕ್ಕಿಂತ ಉಚಿತವಾದ ನಾದ ಮತ್ತೊಂದಿರಲಾರದು.

೫. ಒಂದು ಆಕ್ಷೇಪ

ಇಷ್ಟೆಲ್ಲ ಶಾಸ್ತ್ರವಿಚಾರವು ಶರಣರ ಮಾರ್ಗಕ್ಕೆ ಹೊಂದುವುದೇ ಎಂದು ಭಕ್ತರು ಆಕ್ಷೇಪಿಸಬಹುದು. ಆಕ್ಷೇಪಕ್ಕೆ ಆಧಾರವಿಲ್ಲದಿಲ್ಲ. ತಾಳದ ಅಳತೆ, ವಾದ್ಯದ ಲೆಕ್ಕ, ಛಂದಸ್ಸಿನ ಗಣ ಇವೊಂದೂ ತಿಳಿಯದ ತಾನು ಮನಸ್ಸು ಒಲಿದ ರೀತಿಯಲ್ಲಿ ಹಾಡುವುದಾಗಿ ಬಸವಣ್ಣನವರು ಒಂದೆಡೆ ಹೇಳಿದ್ದಾರೆ. ಶಿವನು ನಾದಕ್ಕೂ ವೇದಕ್ಕೂ ಮೆಚ್ಚುವವನಲ್ಲ, ಭಕ್ತಿಗೆ ಮೆಚ್ಚುವವನು ಎಂದು ಇನ್ನೊಂದೆಡೆ ಹೇಳಿದ್ದಾರೆ. ನಾದದ ಮಾತಿಗೆ ಅಲ್ಲಿ ರಾವಣನೇ ನಿದರ್ಶನ.

ಈ ಮಾತುಗಳನ್ನು ಹೇಗೆ ಗ್ರಹಿಸಬೇಕು? ಅರಿಯೆನೆಂದು ಹೇಳುವಾಗಲೂ ಬಸವಣ್ಣನವರು ಪಾರಿಭಾಷಿಕ ಪದಗಳನ್ನು ಬಲ್ಲವರಂತೆಯೇ ಎಣಿಸುತ್ತಾರೆಂಬುದನ್ನು ಗಮನಿಸಬೇಕು. ಅಲ್ಲಿ ನಿರಾಕೃತವಾದುದು ವಿದ್ಯೆಯ ಅಹಂಕಾರ, ವಿದ್ಯೆಯಲ್ಲ. ಅದಕ್ಕೆ ಸಾಕ್ಷಿಯಾಗಿ ಅವರದೇ ಮತ್ತೊಂದು ವಚನವಿದೆ. ತನ್ನ ದೇಹವನ್ನು ವೀಣೆಯಾಗಿ ಮಾರ್ಪಡಿಸಿ, ನರಗಳನ್ನೇ ತಂತಿಯಾಗಿಸಿ, ಎದೆಗೊತ್ತಿಕೊಂಡು ಮೂವತ್ತೆರಡು ರಾಗಗಳನ್ನೂ ನುಡಿಸಬೇಕೆಂದು ಕೂಡಲಸಂಗಮದೇವನನ್ನು ಅಲ್ಲಿ ಬೇಡಲಾಗಿದೆ. ರಾಗಗಳು ಮೂವತ್ತೆರಡು, ವೀಣೆ ಒಂದು, ನುಡಿಸುವವನೂ ಒಬ್ಬನೇ. ರಾಗದ ವೈವಿಧ್ಯವನ್ನು ಶರಣರು ದೂರವಿಡಲಿಲ್ಲ. ಅದು ಯಾರ ಕೈಯಲ್ಲಿರಬೇಕೆಂಬುದನ್ನು ಮಾತ್ರ ಹೇಳಿದರು. ವೀಣೆಯು ತಾನೇ ನುಡಿಸಿಕೊಳ್ಳತೊಡಗಿದರೆ ಅದು ರಾವಣನ ನಾದ.

ಇದೇ ಸಂದರ್ಭದಲ್ಲಿ ‘ಸ್ಥಲ’ ಎಂಬ ಪದವನ್ನು ನೆನೆಯುವುದು ಉಚಿತ. ಷಟ್‌ಸ್ಥಲದಲ್ಲಿ ಭಕ್ತನು ಮಾಹೇಶ್ವರನಾಗಿ, ಪ್ರಸಾದಿಯಾಗಿ, ಪ್ರಾಣಲಿಂಗಿಯಾಗಿ, ಶರಣನಾಗಿ ಐಕ್ಯವನ್ನು ಮುಟ್ಟುತ್ತಾನೆ. ವ್ಯಕ್ತಿ ಒಬ್ಬನೇ, ನಿಂತ ಸ್ಥಲ ಬೇರೆ. ಜರ್ಮನ್ ಗೀತೆಯಲ್ಲಿ ನಾಲ್ವರು ಮಾತನಾಡುವುದರಿಂದ ನೆಲೆಗಳು ಬದಲಾದುವು. ವಚನದಲ್ಲಿ ಒಬ್ಬನೇ ಮಾತನಾಡುತ್ತ ತಾನು ನಿಂತ ಸ್ಥಲವನ್ನು ಬದಲಿಸುತ್ತಾನೆ. ಆದರೆ ಈ ಸಾದೃಶ್ಯವನ್ನು ಯಾಂತ್ರಿಕವಾಗಿ ಎಳೆಯಬಾರದು. ಆರು ಸ್ಥಲಗಳಿಗೆ ಆರು ರಾಗಗಳೆಂದು ಕೋಷ್ಟಕ ಬರೆಯುವುದು ಸುಲಭ. ಅದರಿಂದ ಒಂದು ವಚನವೂ ಬೆಳಗದು. ಪ್ರತಿ ವಚನವೂ ತನ್ನ ತಿರುವನ್ನು ತಾನೇ ಹೇಳುತ್ತದೆ.

೬. ಕಲಿಯುವ ಕ್ರಮ

ಗದುಗಿನ ವೀರೇಶ್ವರ ಪುಣ್ಯಾಶ್ರಮದ ಪರಂಪರೆ ಇಲ್ಲಿ ಮಾರ್ಗದರ್ಶಕವಾಗಿದೆ. ಪಂಚಾಕ್ಷರಿ ಗವಾಯಿಗಳೂ (೧೮೯೨-೧೯೪೪) ಅವರ ಶಿಷ್ಯರಾದ ಪುಟ್ಟರಾಜ ಗವಾಯಿಗಳೂ (೧೯೧೪-೨೦೧೦) ಅಂಧರಾಗಿದ್ದರೂ ಕರ್ನಾಟಕ, ಹಿಂದುಸ್ತಾನಿ ಎರಡು ಪದ್ಧತಿಗಳನ್ನೂ ಸಾಧಿಸಿದರು. ಅವರ ಆಶ್ರಯದಲ್ಲಿ ಎಷ್ಟೋ ಅಂಧ ಬಾಲಕರು ವಚನಗಳನ್ನು ಕಿವಿಯಿಂದಲೇ ಕಲಿತರು. ಕಿವಿಯಿಂದ ಕಲಿಯುವವರಿಗೆ ಮಾತಿನ ನಿಲುಗಡೆ, ಒತ್ತು, ಉಸಿರು ಇವು ಅಕ್ಷರಕ್ಕಿಂತ ಮೊದಲು ದಕ್ಕುತ್ತವೆ. ವಚನವನ್ನು ಸಂಯೋಜಿಸಲು ಹೊರಟ ವಿದ್ಯಾರ್ಥಿಯೂ ಅಲ್ಲಿಂದಲೇ ಆರಂಭಿಸತಕ್ಕದ್ದು.

ಮೊದಲು ವಚನವನ್ನು ರಾಗವಿಲ್ಲದೆ, ತಾಳವಿಲ್ಲದೆ ಗಟ್ಟಿಯಾಗಿ ಹತ್ತಾರು ಬಾರಿ ಓದಬೇಕು. ಎಲ್ಲಿ ಉಸಿರು ತಾನಾಗಿ ನಿಲ್ಲುವುದೋ, ಎಲ್ಲಿ ದನಿ ತಾನಾಗಿ ತಗ್ಗುವುದೋ ಗುರುತಿಸಿಕೊಳ್ಳಬೇಕು. ಅನಂತರ ಇಡಿಯ ವಚನವನ್ನು ಒಂದೇ ರಾಗದಲ್ಲಿ ಹಾಡಿ ನೋಡಬೇಕು. ಬಹುತೇಕ ವಚನಗಳು ಇಲ್ಲಿಯೇ ತೃಪ್ತವಾಗುತ್ತವೆ. ಯಾವುದೋ ಒಂದು ಮಾತು ಆ ರಾಗವನ್ನು ಒಲ್ಲೆನೆಂದರೆ, ಆಗಲೂ ಒಡನೆಯೇ ರಾಗವನ್ನು ಬದಲಿಸದೆ ಅದೇ ರಾಗದೊಳಗೆ ಒತ್ತನ್ನು ಬದಲಿಸಿ ನೋಡಬೇಕು. ಭೂಪಕ್ಕೂ ದೇಶಕಾರಕ್ಕೂ ಸ್ವರಗಳು ಅವೇ ಐದು, ಷಡ್ಜವೂ ಒಂದೇ. ಗಾಂಧಾರಕ್ಕೆ ಒತ್ತು ಬಿದ್ದರೆ ಸಂಜೆಯ ಭೂಪ, ಧೈವತಕ್ಕೆ ಬಿದ್ದರೆ ಬೆಳಗಿನ ದೇಶಕಾರ. ಒತ್ತೊಂದರಿಂದಲೇ ಸಂಜೆಯು ಮುಂಜಾವು ಆಗಬಲ್ಲುದಾದರೆ ದೂರದ ರಾಗಕ್ಕೆ ಕೈಚಾಚುವ ಅವಸರವೇನು?

ಅದೂ ಸಾಲದೆ ಬಂದಾಗ ಮಾತ್ರ ಪಲ್ಲಟ. ಆಗ ಎರಡು ನೆಲೆಗಳಿಗೂ ಸಲ್ಲುವ ಸ್ವರಸಂಚಾರವೊಂದನ್ನು ಸೇತುವೆಯಾಗಿ ಹುಡುಕಬೇಕು. ಪಾಶ್ಚಾತ್ಯ ಸಂಯೋಜಕರೂ ಒಂದು ನೆಲೆಯಿಂದ ಇನ್ನೊಂದಕ್ಕೆ ಹೋಗುವಾಗ ಎರಡಕ್ಕೂ ಸಾಮಾನ್ಯವಾದ ಸ್ವರಮೇಳವನ್ನು ಹೊಸ್ತಿಲಾಗಿ ಬಳಸುತ್ತಾರೆ. ಭೂಪದಿಂದ ಯಮನಿಗೆ ಹೋಗುವವನಿಗೆ ಷಡ್ಜ, ರಿಷಭ, ಗಾಂಧಾರ, ಪಂಚಮ, ಧೈವತಗಳು ಸಾಮಾನ್ಯ. ಅವುಗಳಲ್ಲಿ ಕೆಲಕಾಲ ಸಂಚರಿಸಿ ತೀವ್ರ ಮಧ್ಯಮವನ್ನು ಸರಿಯಾದ ಪದದ ಮೇಲೆ ತಂದರೆ ಸಾಕು. ಆ ಪದ ಯಾವುದೆಂಬುದನ್ನು ವಚನವೇ ನಿರ್ಧರಿಸಬೇಕು. ಕೊನೆಯದಾಗಿ, ಮರಳುವ ದಾರಿಯನ್ನು ಹೊರಡುವ ಮೊದಲೇ ನಿಶ್ಚಯಿಸಿಕೊಂಡಿರಬೇಕು.

ಸಂಯೋಜನೆ ಸಿದ್ಧವಾದ ಮೇಲೆ ಅದನ್ನು ಪರೀಕ್ಷಿಸಲು ಸುಲಭವಾದ ಉಪಾಯವೊಂದಿದೆ. ವಚನವನ್ನು ಮೊದಲ ಬಾರಿ ಕೇಳುವವರ ಎದುರಿಗೆ ಹಾಡಿ, ಬಳಿಕ ಏನು ಕೇಳಿದಿರೆಂದು ವಿಚಾರಿಸಬೇಕು. ರಾಗ ಬದಲಾದುದನ್ನು ಕುರಿತು ಅವರು ಮಾತನಾಡಿದರೆ ಸಂಯೋಜನೆ ಸೋತಿದೆ. ಶರಣರು ಹೇಳಿದುದನ್ನು ಕುರಿತು ಮಾತನಾಡಿದರೆ ಗೆದ್ದಿದೆ.

ವಚನಗಾಯನವು ಇಂದು ನಾಡಿನ ಗಡಿಗಳನ್ನು ದಾಟಿದೆ. ಅದಕ್ಕೆ ಹೊಸ ವಾದ್ಯಗಳೂ ಹೊಸ ಕ್ರಮಗಳೂ ಬಂದು ಸೇರುವುದನ್ನು ತಡೆಯಲಾಗದು, ತಡೆಯಬೇಕಾದ ಕಾರಣವೂ ಇಲ್ಲ. ಹನ್ನೆರಡನೆಯ ಶತಮಾನದ ಮಾತು ಇಂದಿನ ಕಿವಿಗೆ ಇಂದಿನ ನಾದದಲ್ಲಿಯೇ ತಲುಪಲಿ. ಆದರೆ ಪ್ರತಿಯೊಂದು ಪಲ್ಲಟದ ಮುಂದೆಯೂ ಸಂಯೋಜಕನು ಒಂದು ಪ್ರಶ್ನೆಯನ್ನು ತನಗೆ ತಾನೇ ಹಾಕಿಕೊಳ್ಳಲಿ: ಇಲ್ಲಿ ನೆಲೆಯನ್ನು ಬದಲಿಸುತ್ತಿರುವವರು ಶರಣರೋ, ತಾನೋ? ಶರಣರೆಂದು ಎದೆಮುಟ್ಟಿ ಹೇಳಬಲ್ಲವನು ನಿರ್ಭಯನಾಗಿ ಬದಲಿಸಲಿ; ಹೇಳಲಾರದವನಿಗೆ ತಂಬೂರಿಯ ಷಡ್ಜವೇ ಸಾಕು.